ಮಗುವಿನ ಎದೆಬಡಿತ ಮತ್ತು ಗಮನ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕ ಮಕ್ಕಳ ಎದೆಗೆ ಇಸಿಜಿ ಪಟ್ಟಿ ಅಂಟಿಸಿ, ಮುಂದೆ ಒಂದು ಆಟಿಕೆ ಇಟ್ಟು, ಪರದೆ ಮೇಲೆ ಓಡುವ ಗೆರೆ ನೋಡುತ್ತಾ ಕೂರುವುದು ನನ್ನ ಕೆಲಸ. ಅಪ್ಪ ಅಮ್ಮ ಪಕ್ಕದಲ್ಲೇ ಇರುತ್ತಾರೆ, ಪ್ರಶ್ನೆ ಕೇಳುತ್ತಾರೆ. ಶಿಶುವಿಹಾರದ ಟೀಚರುಗಳು ಪತ್ರ ಬರೆಯುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ಬೇಕಾದ್ದಕ್ಕೆ ನೇರ ಹೋಗಿ. ಹೃದಯದ ಕಾಯಿಲೆ ಇರಬಹುದಾ ಅನ್ನುವ ಗಾಬರಿಯಲ್ಲಿ ಬಂದವರು ಡಾಕ್ಟರ ಕುರಿತ ಪ್ರಶ್ನೆಯನ್ನು ಮೊದಲು ನೋಡಿ.

## ಮೊದಮೊದಲು ಕೇಳುವವು

ಆಟದಲ್ಲಿ ಮುಳುಗಿದಾಗ ಮಗುವಿನ ಹಾರ್ಟ್‌ಬೀಟ್ ನಿಧಾನ ಆಗುತ್ತಂತೆ. ನಿಜಾನಾ? ಜೋರಾಗಬೇಕಲ್ವಾ?

ನಿಜ. ಮೈಮರೆತು ಏನನ್ನೋ ನೋಡುವ, ಕೇಳುವ ಮಗುವಿನ ಬಡಿತ ಸ್ವಲ್ಪ ಇಳಿಯುತ್ತದೆ, ಮತ್ತೆ ಆ ಇಳಿದ ಮಟ್ಟದಲ್ಲೇ ನಿಲ್ಲುತ್ತದೆ. ಖುಷಿ, ಭಯ, ಓಟ ಇವು ಬಡಿತ ಏರಿಸುತ್ತವೆ. ನಾವು ಹೃದಯವನ್ನು ಗಮನಿಸುವುದೇ ಅಂಥ ಹೊತ್ತಲ್ಲಿ. ಹಾಗಾಗಿ ಎದೆ ಅಂದರೆ ಡವಡವ ಅನ್ನುವುದು ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಸದ್ದಿಲ್ಲದೆ ತಗ್ಗುವ ಬಡಿತ ಯಾರ ಗಮನಕ್ಕೂ ಬರುವುದಿಲ್ಲ.

ಒಂದು ಮಾತು ನೆನಪಿರಲಿ: ಇದು ಓಡಾಡದೆ ಕೂತ ಮಗುವಿನ ವಿಷಯ. ಚೆಂಡಿನ ಹಿಂದೆ ಓಡುವ ಮಗುವಿಗೂ ಗಮನ ಇರುತ್ತದೆ, ಆದರೆ ಅಲ್ಲಿ ಕಾಲಿನ ಲೆಕ್ಕವೇ ಮೇಲುಗೈ.

ನನ್ನ ಮಗುವಿನ ಬಡಿತ ನಿಮಿಷಕ್ಕೆ 130. ದೊಡ್ಡವರಿಗೆ 72 ಅಂತಾರಲ್ಲ, ಇದು ಜಾಸ್ತಿ ಅಲ್ವಾ?

ಮಗುವಿಗೆ ಎಷ್ಟು ವಯಸ್ಸು ಅನ್ನುವುದರ ಮೇಲೆ ಹೋಗುತ್ತದೆ. ಎಚ್ಚರವಾಗಿರುವಾಗ ಒಂದು ವರ್ಷದೊಳಗಿನ ಕೂಸಿಗೆ 100ರಿಂದ 180, ಒಂದರಿಂದ ಮೂರರ ತನಕ ಸುಮಾರು 98ರಿಂದ 140, ಮೂರರಿಂದ ಐದರಲ್ಲಿ 80ರಿಂದ 120 ಸಹಜ. ಆರು ದಾಟಿದ ಮೇಲೆ 75ರಿಂದ 118ರ ಆಸುಪಾಸು. ನಿದ್ದೆಯಲ್ಲಿ ಇನ್ನೂ ಕಡಿಮೆ. ಜ್ವರ ಬಂದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತರ ಹತ್ತಿರ ಏರುತ್ತದೆ.

ಮಕ್ಕಳ ಹೃದಯ ಚಿಕ್ಕದು. ಒಂದು ಬಡಿತಕ್ಕೆ ಅದು ತಳ್ಳುವ ರಕ್ತವೂ ಕಡಿಮೆ. ಬೆಳೆಯುವ ಮೈಗೆ ಬೇಕಾದಷ್ಟು ರಕ್ತ ಕೊಡಬೇಕಾದರೆ ಜಾಸ್ತಿ ಸಲ ಬಡಿಯದೆ ಬೇರೆ ದಾರಿ ಇಲ್ಲ.

ಮಲಗಿದಾಗ ಎದೆ ಮೇಲೆ ಕಿವಿ ಇಟ್ಟು ಕೇಳಿದೆ. ಬಡಿತ ಒಂದೇ ಸಮ ಇಲ್ಲ, ಒಮ್ಮೆ ಬೇಗ ಒಮ್ಮೆ ನಿಧಾನ. ಏನಾದ್ರೂ ತೊಂದರೆನಾ?

ಇನ್ನೊಮ್ಮೆ ಕಿವಿ ಇಡಿ, ಈ ಸಲ ಮಗುವಿನ ಹೊಟ್ಟೆಯನ್ನೂ ನೋಡಿ. ಉಸಿರು ಒಳಗೆ ಹೋಗುವಾಗ ಬಡಿತ ಬೇಗ, ಹೊರಗೆ ಬರುವಾಗ ನಿಧಾನ ಆಗುತ್ತಿದ್ದರೆ ಅದು ಸಹಜ. ಆರೋಗ್ಯವಂತ ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಎದ್ದು ಕಾಣುತ್ತದೆ. ವೈದ್ಯರು ಇದಕ್ಕೆ ಸೈನಸ್ ಅರಿದ್ಮಿಯಾ ಎನ್ನುತ್ತಾರೆ. ಹೆಸರು ಕೇಳಿದರೆ ಕಾಯಿಲೆ ಅನ್ನಿಸುತ್ತದೆ, ಅಲ್ಲ. ಈ ಏರಿಳಿತದ ಮಾತು ಮುಂದೆ ಗಮನದ ಲೆಕ್ಕದಲ್ಲೂ ಬರುತ್ತದೆ.

ನಿಧಾನ ಆಗೋದು ಅಂದ್ರೆ ಎಷ್ಟು? ಕೈ ಹಿಡಿದು ನೋಡಿದ್ರೆ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಕೂಸುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ಐದರಿಂದ ಹತ್ತು ಬಡಿತದ ಆಸುಪಾಸಿನ ಇಳಿತ. ನಿಮಿಷಕ್ಕೆ 150 ಇದ್ದರೆ ಎರಡು ಬಡಿತದ ನಡುವೆ 400 ಮಿಲಿಸೆಕೆಂಡ್. 140ಕ್ಕೆ ಇಳಿದರೆ 428 ಚಿಲ್ಲರೆ. ಈ 28 ಮಿಲಿಸೆಕೆಂಡ್ ಬೆರಳಿಗೆ ಎಲ್ಲಿ ಸಿಗುತ್ತದೆ? ಅದೂ ಅಲ್ಲದೆ ನೀವು ಕೈ ಹಿಡಿದ ಕೂಡಲೇ ಮಗುವಿನ ಗಮನ ಆಟಿಕೆ ಬಿಟ್ಟು ನಿಮ್ಮ ಕೈಗೆ ಬರುತ್ತದೆ.

## ಒಳಗೆ ಏನು ನಡೆಯುತ್ತದೆ

ಗಮನ ಕೊಡೋದು ಮೆದುಳು. ಹೃದಯಕ್ಕೆ ಅಲ್ಲೇನು ಕೆಲಸ?

ಹೃದಯಕ್ಕೆ ತನ್ನದೇ ತಾಳ ಇದೆ. ಅದರ ಬಲ ಮೇಲ್ಭಾಗದಲ್ಲಿರುವ ಸಣ್ಣ ಗಂಟು ಆ ತಾಳ ಹಾಕುತ್ತದೆ. 1907ರಲ್ಲಿ ಕೀತ್ ಮತ್ತು ಫ್ಲಾಕ್ ಇದನ್ನು ಗುರುತಿಸಿದರು. ಮೆದುಳು ಮಾಡುವುದು ತಾಳ ಹೆಚ್ಚು ಕಡಿಮೆ ಮಾಡುವ ಕೆಲಸ ಅಷ್ಟೇ. ಅದಕ್ಕೆ ಎರಡು ದಾರಿ. ಒಂದು ಓಟ, ಭಯ, ಸಿಟ್ಟಿಗೆ ವೇಗ ಕೊಡುವ ನರಗಳು. ಇನ್ನೊಂದು ವೇಗಸ್ ನರ, ಅಂದರೆ ಬ್ರೇಕ್. ಈ ನರವನ್ನು ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ ಎಂದು ವೇಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಅದು ಒಂದು ರಾಸಾಯನಿಕವನ್ನು ಬಿಟ್ಟು ಈ ಕೆಲಸ ಮಾಡುತ್ತದೆ ಎಂದು 1921ರಲ್ಲಿ ಓಟೊ ಲೋವಿ ಕಂಡುಕೊಂಡರು. ಅದು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. 1936ರ ನೊಬೆಲ್‌ನಲ್ಲಿ ಲೋವಿಗೆ ಪಾಲು ಬಂತು.

ವೇಗಸ್ ಬ್ರೇಕಿನ ಗುಣ ಏನೆಂದರೆ ಅದು ಬಲು ಚುರುಕು. ಒಂದೆರಡು ಬಡಿತದೊಳಗೆ ಹಿಡಿಯುತ್ತದೆ, ಅಷ್ಟೇ ಬೇಗ ಬಿಡುತ್ತದೆ. ಮಗು ಏನನ್ನೋ ಗಟ್ಟಿಯಾಗಿ ಗಮನಿಸಲು ಶುರು ಮಾಡಿದಾಗ ಮೆದುಳಿನ ಎಚ್ಚರದ ವ್ಯವಸ್ಥೆ ಬ್ರೇಕನ್ನು ಸ್ವಲ್ಪ ಒತ್ತುತ್ತದೆ. ಜೊತೆಗೇ ಕೈಕಾಲು ಸುಮ್ಮನಾಗುತ್ತದೆ, ಉಸಿರು ಹಗುರಾಗುತ್ತದೆ. ಮೈ ತನ್ನ ಸದ್ದು ತಗ್ಗಿಸಿ ಹೊರಗಿನದಕ್ಕೆ ಜಾಗ ಬಿಟ್ಟುಕೊಡುತ್ತದೆ ಅನ್ನಬಹುದು. ಹೃದಯ ಇಲ್ಲಿ ಗಮನವನ್ನು ಹುಟ್ಟಿಸುವುದಿಲ್ಲ. ಒಳಗೆ ಗಮನ ಹುಟ್ಟಿದೆ ಅನ್ನುವುದನ್ನು ಹೊರಗಿನವರಿಗೆ ತಿಳಿಸುತ್ತದೆ.

ಪುಸ್ತಕ ನೋಡ್ತಾನೇ ಇರ್ತಾಳೆ. ಆಮೇಲೆ ಕೇಳಿದ್ರೆ ತಲೆಗೆ ಏನೂ ಹೋಗಿರಲ್ಲ. ಹೇಗೆ?

ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಪ್ರಶ್ನೆ ಇದು. ನೋಡುವುದು ಬೇರೆ, ಗಮನಿಸುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹೃದಯ ಅವುಗಳ ಗುಟ್ಟು ಬಿಟ್ಟುಕೊಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಚರ್ಡ್ಸ್ ಕೂಸುಗಳ ಒಂದೊಂದು ನೋಟವನ್ನೂ ಬಡಿತದ ಪ್ರಕಾರ ಬಿಡಿಸಿ ನೋಡಿದರು. ಮೊದಲು ಕಣ್ಣು ವಸ್ತುವಿನ ಕಡೆ ತಿರುಗುತ್ತದೆ, ಬಡಿತ ಇಳಿಯಲು ಶುರು. ಆಮೇಲೆ ಇಳಿದ ಮಟ್ಟದಲ್ಲಿ ನಿಲ್ಲುತ್ತದೆ, ಏರಿಳಿತವೂ ಕಡಿಮೆ ಆಗುತ್ತದೆ. ಇದೇ ನಿಜವಾದ ಗಮನದ ಹೊತ್ತು. ಕೆಲವು ಸೆಕೆಂಡೂ ಇರಬಹುದು, ಹತ್ತಿಪ್ಪತ್ತು ಸೆಕೆಂಡೂ ಆಗಬಹುದು. ಕೊನೆಗೆ ಬಡಿತ ಮೊದಲಿನ ಮಟ್ಟಕ್ಕೆ ಏರುತ್ತದೆ. ಆದರೆ ಕಣ್ಣು ಇನ್ನೂ ಅಲ್ಲೇ ಇರುತ್ತದೆ! ಕಣ್ಣು ಇಲ್ಲಿ, ಮನಸ್ಸು ಎಲ್ಲೋ.

ಒಂದು ದಿನದ ಮಾತು ಹೇಳುತ್ತೇನೆ. ಹನ್ನೊಂದು ತಿಂಗಳ ಒಂದು ಕೂಸು. ನಾನು ತೋರಿಸಬೇಕೆಂದಿದ್ದ ಬಣ್ಣದ ಆಟಿಕೆ ಪಕ್ಕಕ್ಕೆ ಬಿತ್ತು, ಅವಳಿಗೆ ಅದು ಬಂದಿದ್ದ ಡಬ್ಬಿಯ ಮುಚ್ಚಳ ಬೇಕಿತ್ತು. ಎರಡೂ ಕೈಯಲ್ಲಿ ಹಿಡಿದು ಅಂಚನ್ನು ಬೆರಳಲ್ಲಿ ಸವರಿದಳು, ತಿರುಗಿಸಿದಳು, ಮತ್ತೆ ಸವರಿದಳು. ತುಟಿ ಮುಂದಕ್ಕೆ ಬಂದಿತ್ತು, ಜೊಲ್ಲು ಎಳೆಯಾಗಿ ಇಳಿಯುತ್ತಿದ್ದರೂ ಅದರ ಪರಿವೆ ಇಲ್ಲ. ಪರದೆಯಲ್ಲಿ 138 ಇದ್ದದ್ದು 129, 127. ಅಷ್ಟರಲ್ಲಿ ನನ್ನ ಕೈಯಿಂದ ಪೆನ್ನು ನೆಲಕ್ಕೆ ಬಿತ್ತು. ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಗೆರೆ 136ಕ್ಕೆ ಬಂತು. ಮುಚ್ಚಳ ಇನ್ನೂ ಕೈಯಲ್ಲೇ, ಕಣ್ಣೂ ಅದರ ಮೇಲೇ. ಅವರಮ್ಮ ಕುರ್ಚಿಯಲ್ಲಿ ಸುಮ್ನೆ ಮಗ್ಗುಲು ಬದಲಿಸಿದರು ಅಷ್ಟೇ, ಕೂಸು ಪಟ್ಟನೆ ತಲೆ ಎತ್ತಿ ನೋಡಿತು.

ಹೀಗೆ ಬಡಿತ ತಗ್ಗಿದ ಹೊತ್ತಲ್ಲಿ ಬರೀ ಐದು ಸೆಕೆಂಡ್ ತೋರಿಸಿದ ಚಿತ್ರವನ್ನೂ ಕೂಸುಗಳು ಆಮೇಲೆ ಗುರುತು ಹಿಡಿಯುತ್ತವೆ ಎಂದು ರಿಚರ್ಡ್ಸ್ 1997ರಲ್ಲಿ ವರದಿ ಮಾಡಿದರು. ನಿಮ್ಮ ಮಗಳು ಪುಸ್ತಕದ ಮುಂದೆ ಎಷ್ಟು ಹೊತ್ತು ಕೂತಳು ಅನ್ನುವುದಕ್ಕಿಂತ ಅದರಲ್ಲಿ ಎಷ್ಟು ಹೊತ್ತು ಮನಸ್ಸು ಅಲ್ಲಿತ್ತು ಅನ್ನುವುದೇ ಲೆಕ್ಕ.

ಆಟ ಆಡುವಾಗ ಹೆಸರು ಹಿಡಿದು ಕೂಗಿದ್ರೂ ತಿರುಗಲ್ಲ. ಬೇಕಂತ ಮಾಡ್ತಾನಾ?

ಬಹಳ ಸಲ ಬೇಕಂತ ಅಲ್ಲ. ಬಡಿತ ಇಳಿದಿರುವ ಹೊತ್ತಲ್ಲಿ ಪಕ್ಕದಲ್ಲಿ ದೀಪ ಮಿನುಗಿಸಿದರೂ ಕೂಸುಗಳು ತಿರುಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತವೆ. ಇನ್ನೊಂದು ಅರ್ಧ ನಿಮಿಷ ಬಿಟ್ಟು ಕರೆಯಿರಿ, ಇಲ್ಲವೇ ಹತ್ತಿರ ಹೋಗಿ ಹೆಗಲು ಮುಟ್ಟಿ ಕರೆಯಿರಿ. ಆಟದಲ್ಲಿ ಇಲ್ಲದಾಗಲೂ, ಯಾವ ಹೊತ್ತಲ್ಲಿ ಕರೆದರೂ ತಿರುಗುವುದಿಲ್ಲ ಎಂದಾದರೆ ಅದು ಬೇರೆ ಮಾತು. ಆಗ ಕಿವಿ ಪರೀಕ್ಷೆ ಮಾಡಿಸಿ, ಮಗುವಿನ ಬೆಳವಣಿಗೆಯ ಬಗ್ಗೆಯೂ ವೈದ್ಯರ ಹತ್ತಿರ ಮಾತಾಡಿ.

ಪಟಾಕಿ ಸದ್ದಿಗೆ ಮಗು ಬೆಚ್ಚಿಬೀಳುತ್ತೆ. ಅದೂ ಗಮನ ತಾನೆ? ಆಗ ಬಡಿತ ಏರುತ್ತಲ್ಲ?

ಅದು ರಕ್ಷಣೆ, ಗಮನ ಅಲ್ಲ. 1966ರಲ್ಲಿ ಫ್ರಾನ್ಸಿಸ್ ಗ್ರಹಾಂ ಮತ್ತು ರೇಚಲ್ ಕ್ಲಿಫ್ಟನ್ ಈ ಎರಡನ್ನು ಬೇರೆ ಮಾಡಿ ಬರೆದರು. ಹೊಸದು, ಮೆತ್ತಗಿನದು, ಕುತೂಹಲದ್ದು ಬಂದರೆ ಬಡಿತ ಇಳಿಯುತ್ತದೆ: ‘ಏನದು?’ ದಢಾರ್ ಅಂದರೆ ಏರುತ್ತದೆ: ‘ಬೇಡ!’ ಪಾಠ ಹೇಳುವಾಗ ದನಿ ಏರಿಸಿದರೆ ಮಗು ತಿರುಗಿ ನೋಡುತ್ತದೆ ನಿಜ, ಆದರೆ ಆ ಹೊತ್ತಿಗೆ ಅದರ ಮೈ ‘ಬೇಡ’ ಅನ್ನುವ ಕಡೆ ಇರುತ್ತದೆ. ಕಿವಿ ನಿಮಿರಬೇಕಾದರೆ ದನಿ ತಗ್ಗಿಸಿ ನೋಡಿ.

ಎಷ್ಟನೇ ತಿಂಗಳಿಂದ ಇದು ಶುರು?

ಹುಟ್ಟಿದ ಹೊಸತರಲ್ಲಿ ಸ್ವಲ್ಪ ಸದ್ದಿಗೂ ಬಡಿತ ಏರುವುದೇ ಹೆಚ್ಚು. ಎರಡು ಮೂರು ತಿಂಗಳ ಹೊತ್ತಿಗೆ ಇಳಿತ ಸ್ಪಷ್ಟವಾಗಿ ಕಾಣುತ್ತದೆ. ಮೂರರಿಂದ ಆರು ತಿಂಗಳ ನಡುವೆ ಅದು ಇನ್ನಷ್ಟು ಆಳವಾಗುತ್ತದೆ.

## ಮನೆಯಲ್ಲಿ

ಟಿವಿ ಮುಂದೆ ಗಂಟೆಗಟ್ಟಲೆ ಕೂರ್ತಾನೆ, ಪುಸ್ತಕ ಹಿಡಿದ್ರೆ ಎರಡು ನಿಮಿಷ ಇಲ್ಲ. ಟಿವಿ ನೋಡೋದೂ ಏಕಾಗ್ರತೆ ತಾನೆ?

ಪೂರ್ತಿ ಅಲ್ಲ ಅನ್ನಲಾರೆ. ಅರ್ಥವಾಗುವ ಕಾರ್ಯಕ್ರಮ ನೋಡುವಾಗ ಎರಡು ವರ್ಷದ ಮಕ್ಕಳಲ್ಲೂ ಬಡಿತ ಇಳಿದು ನಿಲ್ಲುವುದನ್ನು ನೋಡಿದ್ದಾರೆ. ಟಿವಿ ನೋಟಕ್ಕೆ ಒಂದು ಜಡತ್ವವೂ ಇದೆ: ನೋಡಿದಷ್ಟೂ ಕಣ್ಣು ಕೀಳುವುದು ಕಷ್ಟವಾಗುತ್ತದೆ. ಇದನ್ನು ಡೇನಿಯಲ್ ಆಂಡರ್ಸನ್ ಗುರುತಿಸಿದರು.

ಆದರೆ ಅಲ್ಲಿ ಗಮನ ಹಿಡಿದಿಡುವ ಕೆಲಸ ಪರದೆಯದು. ದೃಶ್ಯ ಬದಲಾಗುತ್ತದೆ, ಸದ್ದು ಬದಲಾಗುತ್ತದೆ, ಪ್ರತಿ ಸಲ ಮಗುವನ್ನು ಮತ್ತೆ ಎಳೆದು ಕೂರಿಸುತ್ತದೆ. ಪುಸ್ತಕ, ಡಬ್ಬಿಯ ಮುಚ್ಚಳ ಹಾಗಲ್ಲ. ಅಲ್ಲಿ ಗಮನ ಜಾರಿದರೆ ಮಗುವೇ ಹಿಂದಕ್ಕೆ ತರಬೇಕು. ಕಲಿಯಬೇಕಾದ ಕೆಲಸ ಅದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂದಿತು.

ಹಾಗಾದ್ರೆ ಗಮನ ಜಾಸ್ತಿ ಹೊತ್ತು ಉಳಿಯೋಕೆ ನಾನೇನು ಮಾಡಲಿ?

ಮೊದಲನೆಯದು, ಏನೂ ಮಾಡದಿರುವುದು. ಮಗು ಮುಚ್ಚಳದಲ್ಲಿ ಮುಳುಗಿದ್ದಾಗ ‘ಇದೇನು ಬಣ್ಣ ಪುಟ್ಟಾ? ಎಷ್ಟಿದೆ ಹೇಳು’ ಅಂತ ಶುರು ಮಾಡುತ್ತೇವಲ್ಲ, ಅದನ್ನು ಬಿಡುವುದು. ಒಳ್ಳೆ ಮನಸ್ಸಿನಿಂದಲೇ ಕೇಳುತ್ತೇವೆ. ಆದರೂ ಅದು ಅಡ್ಡಿಯೇ.

ಎರಡನೆಯದು, ಮಗು ನೋಡುತ್ತಿರುವುದನ್ನೇ ನೀವೂ ನೋಡುವುದು. ಚೆನ್ ಯು ಮತ್ತು ಲಿಂಡಾ ಸ್ಮಿತ್ 2016ರಲ್ಲಿ ಒಂದು ವರ್ಷದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ತಲೆಗೆ ಕಣ್ಣಿನ ಜಾಡು ಹಿಡಿಯುವ ಕ್ಯಾಮೆರಾ ಕಟ್ಟಿ ನೋಡಿದರು. ದೊಡ್ಡವರೂ ಅದೇ ಆಟಿಕೆಯನ್ನು ನೋಡಿದಾಗ ಮಗುವಿನ ಗಮನ ಜಾಸ್ತಿ ಹೊತ್ತು ನಿಂತಿತು. ದೊಡ್ಡವರು ಕಣ್ಣು ತೆಗೆದ ಮೇಲೂ ಸ್ವಲ್ಪ ಮುಂದುವರಿಯಿತು. ನಿಮ್ಮ ಕೈಯಲ್ಲಿ ಫೋನ್ ಇದ್ದರೆ ಇದು ಆಗುವುದಿಲ್ಲ.

ಮೂರನೆಯದು, ಯಾರೂ ನೋಡದ ಟಿವಿ ಆರಿಸುವುದು. ದೊಡ್ಡವರ ಕಾರ್ಯಕ್ರಮ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಒಂದರಿಂದ ಮೂರು ವರ್ಷದ ಮಕ್ಕಳ ಆಟ ತುಂಡುತುಂಡಾಗುತ್ತದೆ ಎಂದು 2008ರ ಒಂದು ಅಧ್ಯಯನ ತೋರಿಸಿತು. ಮಕ್ಕಳು ಆ ಟಿವಿಯನ್ನು ಹೆಚ್ಚು ನೋಡಿಯೂ ಇರಲಿಲ್ಲ, ಆದರೂ!

ನಿದ್ದೆಯ ಮಾತು ಎಲ್ಲರಿಗೂ ಗೊತ್ತಿರುವುದೇ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ಬೇಕು.

ಬಡಿತ ಇಳಿಸೋ ಅಭ್ಯಾಸ ಮಾಡಿಸಿದ್ರೆ ಏಕಾಗ್ರತೆ ತಾನಾಗೇ ಬರುತ್ತಾ?

ಹೊಗೆ ಊದಿದರೆ ಬೆಂಕಿ ಹತ್ತುತ್ತದಾ? ಬಡಿತ ಇಳಿಯುವುದು ಗಮನದ ಗುರುತು, ಒತ್ತಿದರೆ ಗಮನ ಬರುವ ಗುಂಡಿ ಅಲ್ಲ. ನಿದ್ದೆಗಣ್ಣಿನ ಮಗುವಿನ ಬಡಿತವೂ ಇಳಿದಿರುತ್ತದೆ, ಅದಕ್ಕೆ ಗಮನ ಇದೆ ಅನ್ನುತ್ತೇವಾ? ನಿಧಾನವಾಗಿ ಉಸಿರಾಡುವುದು ರಂಪ ಮಾಡುತ್ತಿರುವ ಮಗುವನ್ನು ಸಮಾಧಾನ ಮಾಡಲು ಚೆನ್ನಾಗಿಯೇ ಒದಗುತ್ತದೆ. ಅಷ್ಟಕ್ಕೆ ಬಳಸಿ.

ಮಗುವಿಗೆ ಸ್ಮಾರ್ಟ್‌ವಾಚ್ ಕಟ್ಟಿ ನೋಡಬಹುದಾ?

ದುಡ್ಡು ದಂಡ. ಗಡಿಯಾರ ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಹರಿವಿನಿಂದ ಬಡಿತ ಅಂದಾಜು ಮಾಡುತ್ತದೆ. ಸಣ್ಣ ಮಣಿಕಟ್ಟಿಗೆ ಪಟ್ಟಿ ಸಡಿಲ, ಕೈ ಸುಮ್ಮನಿರುವುದಿಲ್ಲ. ಸಾಲದ್ದಕ್ಕೆ ಹಲವು ಸೆಕೆಂಡಿನ ಸರಾಸರಿ ತೋರಿಸುತ್ತದೆ. ನಮಗೆ ಬೇಕಾದ ಇಳಿತ ಆ ಸರಾಸರಿಯಲ್ಲೇ ಕರಗಿಹೋಗುತ್ತದೆ. ಅದರ ಬದಲು ಮುಖ ನೋಡಿ: ಸುಮ್ಮನಾದ ಕೈಕಾಲು, ಮುಂದೆ ಬಂದ ತುಟಿ, ಸ್ವಲ್ಪ ಗಂಟಿಕ್ಕಿದ ಹುಬ್ಬು, ನಿಂತುಹೋದ ಮಾತು. ಹಾಲಿ ರಫ್ ಎಂಬ ಸಂಶೋಧಕಿ ಯಂತ್ರವಿಲ್ಲದೆ ಇಂಥ ಗುರುತುಗಳಿಂದಲೇ ಮಕ್ಕಳ ಗಾಢ ಗಮನವನ್ನು ಅಳೆದರು.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಗಮನದಿಂದ ಬಡಿತ ಇಳಿಯುವುದಕ್ಕೆ ಕಾಯಿಲೆಯಂಥ ಯಾವ ಲಕ್ಷಣವೂ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವಂಥ ತೊಂದರೆ ಏನೇ ಆದರೂ ಅದನ್ನು ಇದರ ಲೆಕ್ಕಕ್ಕೆ ಹಾಕಬೇಡಿ.

ಓಡುವಾಗ, ಈಜುವಾಗ ಅಥವಾ ಬೆಚ್ಚಿಬಿದ್ದಾಗ ಮಗು ಎಚ್ಚರ ತಪ್ಪಿದರೆ ತಕ್ಷಣ ತೋರಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ಸುಮ್ಮನೆ ಕೂತಿರುವಾಗಲೇ ಕೂಸಿನ ಬಡಿತ 220 ದಾಟಿ, ದೊಡ್ಡ ಮಗುವಿನದು 180 ದಾಟಿ ಅಲ್ಲೇ ನಿಂತರೆ ಅದು ತುರ್ತು. ಕೂಸುಗಳು ಎದೆ ಹಾರುತ್ತಿದೆ ಎಂದು ಹೇಳಲಾರವು. ಹಾಲು ಬಿಡುತ್ತವೆ, ಬಿಳಿಚಿಕೊಳ್ಳುತ್ತವೆ, ಬೆವರುತ್ತವೆ, ಏದುಸಿರು ಬಿಡುತ್ತವೆ. ತುಟಿ ನೀಲಿಗಟ್ಟಿದರೆ ಕಾಯಲೇಬೇಡಿ.

ಇನ್ನೊಂದು ಇದೆ. ಕಣ್ಣು ಕೀಲಿಸಿ ನಿಲ್ಲುವುದೆಲ್ಲ ಗಮನವೂ ಅಲ್ಲ, ಹಗಲುಗನಸೂ ಅಲ್ಲ. ಮಾತಿನ ನಡುವೆಯೇ ತಟಕ್ಕನೆ ನಿಂತು, ಕೆಲವು ಸೆಕೆಂಡ್ ಶೂನ್ಯ ನೋಟ, ರೆಪ್ಪೆ ಪಟಪಟ, ಮುಟ್ಟಿದರೂ ಅಲುಗಿಲ್ಲ, ಆಮೇಲೆ ಏನೂ ಆಗದಂತೆ ಮಾತು ಮುಂದುವರಿಕೆ. ಹೀಗೆ ದಿನಕ್ಕೆ ಹಲವು ಸಲ ಆಗುತ್ತಿದ್ದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು. ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ, ವೈದ್ಯರಿಗೆ ಅದರಷ್ಟು ಉಪಯೋಗ ಬೇರೆ ಯಾವುದೂ ಇಲ್ಲ.

## ಇನ್ನಷ್ಟು ಆಳಕ್ಕೆ

ಕೂಡಿಸಿ ಕಳೆಯುವ ಲೆಕ್ಕ ಮಾಡುವಾಗ ಬಡಿತ ಏರುತ್ತೆ ಅಂತ ಓದಿದೆ. ನೀವು ಇಳಿಯುತ್ತೆ ಅಂತೀರಿ?

ಎರಡೂ ಸರಿ. ಜಾನ್ ಮತ್ತು ಬಿಯಾಟ್ರಿಸ್ ಲೇಸಿ ದಂಪತಿ ಇದನ್ನು ಬಹಳ ಹಿಂದೆಯೇ ಬಿಡಿಸಿ ಹೇಳಿದರು. ಹೊರಗಿನದನ್ನು ಒಳಗೆ ತೆಗೆದುಕೊಳ್ಳುವಾಗ ಬಡಿತ ಇಳಿಯುತ್ತದೆ. ಹೊರಗಿನದನ್ನು ದೂರ ಇಟ್ಟು ತಲೆಯೊಳಗೇ ಕೆಲಸ ಮಾಡುವಾಗ ಏರುತ್ತದೆ. ಕತೆ ಕೇಳುವ ಐದು ವರ್ಷದ ಮಗು ಒಂದು ಕಡೆ, ಅದೇ ಕತೆಯನ್ನು ನೆನಪಿಂದ ಹೇಳಲು ಒದ್ದಾಡುವ ಮಗು ಇನ್ನೊಂದು ಕಡೆ. ಇಬ್ಬರಿಗೂ ಏಕಾಗ್ರತೆ ಇದೆ, ಹೃದಯದ ನಡೆ ಬೇರೆ. ಅದಕ್ಕೇ ಬರೀ ಒಂದು ಅಂಕಿ ನೋಡಿ ‘ಗಮನ ಇಲ್ಲ’ ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಎಚ್‌ಆರ್‌ವಿ ಜಾಸ್ತಿ ಇದ್ರೆ ಒಳ್ಳೇದಂತೆ. ಆದ್ರೆ ಗಮನ ಕೊಡುವಾಗ ಅದು ಕಡಿಮೆ ಆಗುತ್ತಲ್ಲ?

ಎಚ್‌ಆರ್‌ವಿ ಅಂದರೆ ಬಡಿತದಿಂದ ಬಡಿತಕ್ಕೆ ಆಗುವ ವ್ಯತ್ಯಾಸ. ಉಸಿರಿನ ಜೊತೆ ಏರಿಳಿಯುವುದು ಅದರ ಒಂದು ಭಾಗ, ವೇಗಸ್ ಬ್ರೇಕಿನ ಓಡಾಟ ಅಲ್ಲಿ ಕಾಣುತ್ತದೆ. ಸುಮ್ಮನಿರುವಾಗ ಈ ಏರಿಳಿತ ಚೆನ್ನಾಗಿದ್ದರೆ ಬ್ರೇಕ್ ಸಡಿಲಿಸಿ ಬಿಗಿ ಮಾಡಲು ಜಾಗ ಇದೆ ಎಂದರ್ಥ. ಕೆಲಸಕ್ಕೆ ಇಳಿದಾಗ ಅದು ತಗ್ಗುತ್ತದೆ, ಮುಗಿದ ಮೇಲೆ ಮರಳುತ್ತದೆ. ಒಂದು ಇರುವ ಬಂಡವಾಳ, ಇನ್ನೊಂದು ಆ ಹೊತ್ತಿನ ಖರ್ಚು. ಸ್ಟೀಫನ್ ಪೋರ್ಜಸ್ ಈ ದಾರಿಯಲ್ಲಿ ತುಂಬ ಕೆಲಸ ಮಾಡಿದವರು. ವೇಗಸ್ ನರದ ಕುರಿತ ಅವರ ದೊಡ್ಡ ಸಿದ್ಧಾಂತದ (ಪಾಲಿವೇಗಲ್ ಸಿದ್ಧಾಂತ) ಬಗ್ಗೆ ತಕರಾರು ಇದೆ. ಮಕ್ಕಳ ಸ್ವಭಾವಕ್ಕೂ ಎಚ್‌ಆರ್‌ವಿಗೂ ನಂಟು ಇದೆ ಎನ್ನುವ ಅಧ್ಯಯನಗಳ ಫಲಿತಾಂಶವೂ ಒಂದೇ ಥರ ಇಲ್ಲ. ನಿಮ್ಮ ಮಗುವಿನ ಅಂಕಿಯನ್ನು ಪಕ್ಕದ ಮನೆ ಮಗುವಿನದಕ್ಕೆ ಹೋಲಿಸಿ ಏನೂ ಸಿಗುವುದಿಲ್ಲ.

ಎಡಿಎಚ್‌ಡಿ ಇದೆಯಾ ಅಂತ ಬಡಿತ ನೋಡಿ ಹೇಳಬಹುದಾ? ಅದರ ಮಾತ್ರೆ ಹೃದಯಕ್ಕೆ ಕೆಟ್ಟದ್ದಾ?

ಹೇಳಲು ಆಗುವುದಿಲ್ಲ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಅದನ್ನು ಗುರುತಿಸುವುದು ನಡವಳಿಕೆಯಿಂದ: ಮನೆ, ಶಾಲೆ ಎರಡೂ ಕಡೆ, ಕನಿಷ್ಠ ಆರು ತಿಂಗಳು, ದಿನದ ಬದುಕಿಗೆ ತೊಂದರೆ ಆಗುವಷ್ಟು. ರಕ್ತ ಪರೀಕ್ಷೆಯೂ ಇಲ್ಲ, ಇಸಿಜಿಯೂ ಇಲ್ಲ.

ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆಗಳು ಬಡಿತವನ್ನೂ ರಕ್ತದೊತ್ತಡವನ್ನೂ ಸರಾಸರಿ ಸ್ವಲ್ಪ ಏರಿಸುತ್ತವೆ. ಅದಕ್ಕೇ ಶುರು ಮಾಡುವ ಮುಂಚೆ ಮನೆತನದ ಹೃದಯದ ಕತೆ ಕೇಳುತ್ತಾರೆ, ಆಮೇಲೂ ಆಗಾಗ ನಾಡಿ, ಬಿಪಿ ನೋಡುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಸೂಚಿಸುವುದು ಮಾತ್ರೆಯನ್ನಲ್ಲ, ಅಪ್ಪ ಅಮ್ಮಂದಿರಿಗೆ ತರಬೇತಿಯನ್ನು.

ಒಂದೊಂದು ಬಡಿತಕ್ಕೂ ಮಗು ಏನು ನೋಡ್ತಿತ್ತು ಅಂತ ಹೇಗೆ ಗೊತ್ತಾಗುತ್ತೆ?

ಕ್ಯಾಮೆರಾಕ್ಕೂ ಇಸಿಜಿಗೂ ಒಂದೇ ಗಡಿಯಾರ. ಮಗುವಿನ ಮುಖದ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಕಣ್ಣು ಎಲ್ಲಿತ್ತು ಎಂದು ಒಬ್ಬರು ಗುರುತು ಹಾಕುತ್ತಾರೆ. ಅದೇ ವಿಡಿಯೊವನ್ನು ಇನ್ನೊಬ್ಬರು ಬೇರೆಯಾಗಿ ನೋಡುತ್ತಾರೆ, ಇಬ್ಬರದೂ ತಾಳೆ ಆಗಬೇಕು. ಒಂದರ ಹಿಂದೆ ಒಂದು ಐದು ಬಡಿತ, ಆಟಿಕೆ ತೋರಿಸುವ ಮುಂಚಿನ ವೇಗಕ್ಕಿಂತ ನಿಧಾನವಾಗಿದ್ದರೆ ಗಮನ ಶುರುವಾಯಿತು ಎಂದು ಲೆಕ್ಕ. ಹಾಗೇ ಸತತ ಐದು ಬಡಿತ ಮತ್ತೆ ಆ ಮೊದಲಿನ ವೇಗಕ್ಕೆ ಮರಳಿದರೆ ಮುಗಿಯಿತು ಎಂದು. ಹತ್ತು ನಿಮಿಷದ ವಿಡಿಯೊ ಮುಗಿಸಲು ಗಂಟೆಗಟ್ಟಲೆ ಬೇಕು.

ಅದೂ ಮಗು ಪಟ್ಟಿ ಕಿತ್ತು ಬಾಯಿಗೆ ಹಾಕಿಕೊಳ್ಳದಿದ್ದರೆ. ನಾವು ವೈರನ್ನು ಅಂಗಿಯ ಬೆನ್ನಿನ ಕಡೆಯಿಂದ ಹೊರಗೆ ತರುತ್ತೇವೆ. ಒಂಬತ್ತು ತಿಂಗಳು ದಾಟಿದವರಿಗೆ ಅದೂ ಗೊತ್ತಾಗಿಬಿಡುತ್ತದೆ. ಆಗ ಆಟಿಕೆ ಮೂಲೆಗೆ ಹೋಗುತ್ತದೆ, ಕೈ ಬೆನ್ನಿಗೆ ಹೋಗುತ್ತದೆ, ವೈರಿನ ಮೇಲೆ ಎಂಥಾ ಗಮನ ಅಂತೀರಿ! ಗೆರೆಯೂ ಚೆಂದವಾಗಿ ಇಳಿಯುತ್ತದೆ, ವೈರು ಕಿತ್ತು ಬರುವ ತನಕ.